ಗರ್ಲ್ಸ್ ಸ್ಕೂಲು, ಬಾಯ್ಸ್ ಸ್ಕೂಲು, ಇಲ್ಲಾ ಕೋ-ಎಡ್ಡಾ? ಡಿಪಾರ್ಟ್‌ಮೆಂಟ್ ಅಭಿಪ್ರಾಯ ಕೇಳ್ದಾಗ ಸಿಡ್ನಿ ಕನ್ನಡದ ಅಪ್ಪ-ಅಮ್ಮಂದ್ರು ಏನ್ ಮಾಡ್ಬೇಕು

ನಮ್ಮ ಏರಿಯಾದ ಗರ್ಲ್ಸ್ ಹೈಸ್ಕೂಲನ್ನ ಹುಡುಗರು-ಹುಡುಗೀರು ಒಟ್ಟಿಗೆ ಓದೋ ಕೋ-ಎಡ್ ಮಾಡೋ ಬಗ್ಗೆ ಎಜುಕೇಶನ್ ಡಿಪಾರ್ಟ್‌ಮೆಂಟಿನ ಸರ್ವೇ ಮೊದಲನೇ ಸಲ ಬಂದಾಗ ನಾನೇ ಮಿಸ್ ಮಾಡ್ಕೊಂಡೆ. ಸ್ಕೂಲ್ ನ್ಯೂಸ್‌ಲೆಟರ್‌ನ ಏಳನೇ ಪೇಜಲ್ಲಿ, ಯೂನಿಫಾರ್ಮ್ ಶಾಪ್ ಟೈಮಿಂಗ್ ಕೆಳಗೆ, ಹೆಬ್ಬೆಟ್ಟಿನ ಉಗುರಷ್ಟು ದೊಡ್ಡ ಕ್ಯೂಆರ್ ಕೋಡ್ ಒಂದಿತ್ತಂತೆ, ಅದನ್ನ ಯಾರ್ ನೋಡ್ತಾರೆ ಹೇಳಿ. ನಮಗೆ ಗೊತ್ತಾಗಿದ್ದು ಅದು ಕ್ಲೋಸ್ ಆಗಿ ಹನ್ನೊಂದು ದಿನ ಆದ್ಮೇಲೆ. ಯಾರೋ ವಾಟ್ಸಾಪ್ ಗ್ರೂಪಲ್ಲಿ "ಗರ್ಲ್ಸ್ ಹೈಸ್ಕೂಲನ್ನ ಕೋ-ಎಡ್ ಮಾಡ್ತಾರಂತೆ, ನಿಜಾನಾ" ಅಂತ ಹಾಕಿದ್ರು, ಬೆಳಗಾಗೋದ್ರೊಳಗೆ ನೂರಾ ನಲವತ್ತು ಮೆಸೇಜು, ಒಬ್ರು ಸಂಸ್ಕೃತಿ ಅಂದ್ರು, ಇನ್ನೊಬ್ರು ನಾವೆಲ್ಲಾ ಕೋ-ಎಡ್ಡಲ್ಲೇ ಓದಿ ಉದ್ಧಾರ ಆಗಿಲ್ವಾ ಅಂದ್ರು, ಮೂರನೆಯವರು ಮಧ್ಯದಲ್ಲಿ ಗುಡ್ ಮಾರ್ನಿಂಗ್ ಗಣಪತಿ ಫೋಟೋ ಹಾಕಿದ್ರು. ಕೊನೇಗೆ ನಾನೊಂದು ಪ್ರಶ್ನೆ ಕೇಳ್ದೆ, ಇಷ್ಟು ಜನದಲ್ಲಿ ಸರ್ವೇ ತುಂಬಿದವರು ಎಷ್ಟು ಮಂದಿ ಅಂತ. ಇಬ್ರು.

ಅದಕ್ಕೇ ಇದನ್ನ ಬರೀತಿರೋದು. ಎರಡನೇ ಸಲ ನಾನು ಸರಿಯಾಗಿ ಹೋಗಿ ಕೂತೆ, ಬರ್ದೆ, ತಪ್ಪೂ ಮಾಡ್ದೆ, ಕಲ್ತಿದ್ದನ್ನ ಹೇಳ್ತೀನಿ.

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಪಬ್ಲಿಕ್ ಹೈಸ್ಕೂಲ್ ಅಂದ್ರೆ ಸರ್ಕಾರಿ ಹೈಸ್ಕೂಲು, ಇಯರ್ 7ರಿಂದ 12ರವರೆಗೆ. ನೀವಿರೋ ಮನೆ ಅಡ್ರೆಸ್ ಯಾವ ಸ್ಕೂಲಿನ ಇನ್‌ಟೇಕ್ ಏರಿಯಾದಲ್ಲಿ ಬೀಳುತ್ತೋ ಅಲ್ಲಿ ನಿಮ್ಮ ಮಗುಗೆ ಸೀಟು ಹಕ್ಕು, 1990ರ ಎಜುಕೇಶನ್ ಆಕ್ಟಲ್ಲೇ ಬರ್ದಿದೆ. ತೊಂದ್ರೆ ಏನಪ್ಪಾ ಅಂದ್ರೆ ಸಿಡ್ನಿಯ ಕೆಲವು ಕಡೆ ಆ ಅಡ್ರೆಸ್‌ಗೆ ಬೀಳೋದು ಹುಡುಗರಿಗೊಂದು ಬಾಯ್ಸ್ ಸ್ಕೂಲು, ಹುಡುಗೀರಿಗೊಂದು ಗರ್ಲ್ಸ್ ಸ್ಕೂಲು, ಅಷ್ಟೇ, ಕೋ-ಎಡ್ ಬೇಕು ಅಂದ್ರೆ ಏರಿಯಾ ಆಚೆಗೆ ಅರ್ಜಿ ಹಾಕಿ ಕೈ ಮುಗ್ಕೊಂಡು ಕಾಯ್ಬೇಕು. ಈಗಿನ ಸರ್ಕಾರ 2027ರ ಹೊತ್ತಿಗೆ ಪ್ರತಿ ಮನೆಯವರಿಗೂ ಕೋ-ಎಡ್ ಹೈಸ್ಕೂಲ್ ಒಂದು ಸಿಗ್ಲೇಬೇಕು ಅಂತ ಮಾತು ಕೊಟ್ಟಿದೆ. ಆ ಮಾತು ಉಳಿಸ್ಕೊಳ್ಳೋಕೆ ಮುಖ್ಯವಾಗಿ ಮೂರು ದಾರಿ: ಪಕ್ಕಪಕ್ಕದ ಬಾಯ್ಸ್-ಗರ್ಲ್ಸ್ ಸ್ಕೂಲನ್ನ ಒಂದು ಮಾಡೋದು, ಬಾಯ್ಸ್ ಸ್ಕೂಲಿಗೆ ಹುಡುಗೀರನ್ನೋ ಗರ್ಲ್ಸ್ ಸ್ಕೂಲಿಗೆ ಹುಡುಗರನ್ನೋ ಸೇರಿಸ್ಕೊಳ್ಳೋದು, ಇಲ್ಲಾ ಗಡಿ ರೇಖೆ ಬದಲಾಯಿಸಿ ಹತ್ತಿರದ ಕೋ-ಎಡ್ಡಿಗೆ ಜಾಗ ಕೊಡೋದು. ರಾಂಡ್ವಿಕ್‌ನಲ್ಲಿ ಮೊದಲನೇ ದಾರಿ ಹಿಡಿದ್ರು, ರಾಂಡ್ವಿಕ್ ಬಾಯ್ಸ್ ಮತ್ತೆ ರಾಂಡ್ವಿಕ್ ಗರ್ಲ್ಸ್ ಎರಡೂ ಸೇರಿ 2025ರಿಂದ ಒಂದೇ ಕೋ-ಎಡ್ ಹೈಸ್ಕೂಲು. ಅಲ್ಲೂ ಮೊದಲು ಅಪ್ಪ-ಅಮ್ಮ, ಮಕ್ಕಳು, ಟೀಚರ್ಸು, ಅಕ್ಕಪಕ್ಕದ ಪ್ರೈಮರಿ ಸ್ಕೂಲಿನವರು ಎಲ್ಲರ ಅಭಿಪ್ರಾಯ ಕೇಳೇ ಮುಂದೆ ಹೋಗಿದ್ದು.

ಪ್ರೈವೇಟ್ ಸ್ಕೂಲ್ ಕತೆ ಬೇರೆ, ಅದನ್ನ ಇದಕ್ಕೆ ಬೆರೆಸ್ಬೇಡಿ. ನ್ಯೂಯಿಂಗ್ಟನ್ ಕಾಲೇಜ್ ಹುಡುಗೀರನ್ನ ಸೇರಿಸ್ತೀವಿ ಅಂತ 2023ರಲ್ಲಿ ಹೇಳ್ದಾಗ ಹಳೇ ವಿದ್ಯಾರ್ಥಿಗಳು ಗೇಟ್ ಮುಂದೆ ಬೋರ್ಡ್ ಹಿಡ್ಕೊಂಡು ನಿಂತ್ರು, ಆಮೇಲೆ ಕೇಸು ಸುಪ್ರೀಂ ಕೋರ್ಟಿಗೂ ಹೋಯ್ತು, ಅಲ್ಲಿ ವಾದ ಏನಂದ್ರೆ 1873ರ ಟ್ರಸ್ಟ್ ಪತ್ರದಲ್ಲಿರೋ "ಯೂತ್" ಅನ್ನೋ ಪದದಲ್ಲಿ ಹುಡುಗೀರು ಬರ್ತಾರಾ ಇಲ್ವಾ ಅಂತ. ಒಂದು ಪದಕ್ಕೆ ಲಾಯರ್ ಫೀಸು! ಸರ್ಕಾರಿ ಸ್ಕೂಲಲ್ಲಿ ನಿಮಗೆ ಅಷ್ಟೆಲ್ಲಾ ಖರ್ಚಿಲ್ಲ, ಡಿಪಾರ್ಟ್‌ಮೆಂಟ್‌ನವರೇ ಬಂದು ಕೇಳ್ತಾರೆ, ಕೇಳ್ದಾಗ ನಾವು ಮನೇಲಿ ಇರ್ಬೇಕು ಅಷ್ಟೇ.

ಏನು ಕೇಳ್ತಿದ್ದಾರೆ ಅಂತ ಮೊದಲು ಓದಿ

ಎಲ್ಲರೂ ಮಾಡೋ ತಪ್ಪು ಇದು, ನಾನೂ ಮಾಡ್ದೆ. "ಕನ್ಸಲ್ಟೇಶನ್" ಅಂದ ತಕ್ಷಣ ವೋಟಿಂಗ್ ಅನ್ಕೋತೀವಿ. ಜಾಸ್ತಿ ಜನ ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಹಾಗಿಲ್ಲ. ಇಲ್ಲಿ ಸರ್ಕಾರಿ ಕಚೇರಿಗಳು ಬಳಸೋ ಐಎಪಿ2 ಅನ್ನೋ ಸಂಸ್ಥೆ ಮಾಡಿರೋ ಒಂದು ಏಣಿ ಇದೆ, ಐದು ಮೆಟ್ಲು: ಇನ್ಫಾರ್ಮ್, ಕನ್ಸಲ್ಟ್, ಇನ್ವಾಲ್ವ್, ಕೊಲ್ಯಾಬರೇಟ್, ಎಂಪವರ್. ಕೆಳಗಿನ ಮೆಟ್ಲಲ್ಲಿ "ನಾವು ತೀರ್ಮಾನ ಮಾಡಿದೀವಿ, ನಿಮಗೆ ಹೇಳ್ತಿದೀವಿ ಅಷ್ಟೇ", ಎರಡನೇದ್ರಲ್ಲಿ "ನಿಮ್ಮ ಮಾತು ಕೇಳಿ ನಾವು ತೀರ್ಮಾನ ಮಾಡ್ತೀವಿ", ಕೊನೇ ಮೆಟ್ಲಲ್ಲಿ ಮಾತ್ರ ತೀರ್ಮಾನ ನಿಮ್ಮ ಕೈಲಿ, ಅಲ್ಲಿಗೆ ಯಾವ ಡಿಪಾರ್ಟ್‌ಮೆಂಟೂ ಅಷ್ಟು ಸುಲಭವಾಗಿ ಹತ್ತಲ್ಲ ಬಿಡಿ.

ಹಾಗಾಗಿ ಪತ್ರ, ಪೋಸ್ಟರ್, ವೆಬ್‌ಸೈಟ್ ಏನ್ ಬಂದಿರುತ್ತೋ ಅದನ್ನ ಕೂತು ಓದಿ ಈ ಒಂದು ವಿಷಯ ಹುಡುಕಿ: ಪ್ರಶ್ನೆ "ಕೋ-ಎಡ್ ಆಗ್ಬೇಕಾ" ಅನ್ನೋದಾ, ಇಲ್ಲಾ "ಕೋ-ಎಡ್ ಆಗುತ್ತೆ, ಹೇಗೆ ಆಗ್ಬೇಕು" ಅನ್ನೋದಾ. ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ. ಎರಡನೇದಾಗಿದ್ರೆ ನೀವು ಮೂರು ಪೇಜು ಬೇಡ ಬೇಡ ಅಂತ ಬರ್ದ್ರೆ ಅದು ಒಂದು ಸಾಲಿನ ಅಂಕಿ ಆಗಿ ರಿಪೋರ್ಟಲ್ಲಿ ಹೋಗುತ್ತೆ, ಅಷ್ಟೇ. ಅದೇ ಜಾಗದಲ್ಲಿ "ಈಗ ಇಯರ್ 10ರಲ್ಲಿರೋ ಮಕ್ಕಳಿಗೆ ಎಚ್‌ಎಸ್‌ಸಿ (ಇಯರ್ 12ರ ಕೊನೇ ಪರೀಕ್ಷೆ) ಹೊತ್ತಲ್ಲಿ ಬಿಲ್ಡಿಂಗ್ ಕೆಲಸ ಶುರು ಆದ್ರೆ ಏನ್ ಮಾಡ್ತೀರಿ" ಅಂತ ಕೇಳಿದ್ರೆ ಅದಕ್ಕೆ ಯಾರೋ ಒಬ್ರು ಕೂತು ಉತ್ತರ ಬರೀಲೇಬೇಕು.

ಆಯ್ಕೆಗಳು ಏನೇನಿವೆ ಅಂತಾನೂ ನೋಡಿ. ಎರಡೂ ಸ್ಕೂಲು ಇದ್ದಂಗೇ ಇರೋದು ಅನ್ನೋದು ಆಯ್ಕೆಯಲ್ಲಿ ಇದೆಯಾ? ಇಲ್ದಿದ್ರೆ ಯಾಕಿಲ್ಲ ಅಂತ ಕೇಳೋದು ನಿಮ್ಮ ಮೊದಲನೇ ಪ್ರಶ್ನೆ ಆಗ್ಬೇಕು. ಮತ್ತೆ ಕ್ಲೋಸಿಂಗ್ ಡೇಟ್. ಅದನ್ನ ಫೋನಲ್ಲಿ ಅಲಾರಂ ಇಟ್ಕೊಳ್ಳಿ, ನನ್ನ ಹಾಗೆ ಆಗೋದ್ ಬೇಡ.

ನಿಮ್ಮನೆ ಎಲ್ಲಿ ಬೀಳುತ್ತೆ

ಡಿಪಾರ್ಟ್‌ಮೆಂಟ್ ವೆಬ್‌ಸೈಟಲ್ಲಿ ಸ್ಕೂಲ್ ಫೈಂಡರ್ ಅಂತ ಇದೆ, ಮನೆ ಅಡ್ರೆಸ್ ಹಾಕಿದ್ರೆ ನಿಮ್ಮ ಲೋಕಲ್ ಸ್ಕೂಲು ಯಾವ್ದು ಅಂತ ತೋರ್ಸುತ್ತೆ, ಗಡಿ ರೇಖೆ ಮ್ಯಾಪ್ ಸಮೇತ. ನಮ್ಮ ರಸ್ತೇಲಿ ಎಡಗಡೆ ಮನೆಗಳು ಒಂದು ಸ್ಕೂಲಿಗೆ, ಬಲಗಡೆ ಮನೆಗಳು ಇನ್ನೊಂದಕ್ಕೆ. ಇದನ್ನ ನೋಡ್ದೆ ಮಾತಾಡೋಕೆ ಹೋದ್ರೆ ನಗೆಪಾಟಲು. ಮೀಟಿಂಗಲ್ಲಿ ಒಬ್ರು ಅಂಕಲ್ ಹದಿನೈದು ನಿಮಿಷ ಆವೇಶದಿಂದ ಮಾತಾಡಿದ್ರು, ಕೊನೇಗೆ ಅವರ ಮನೆ ಆ ಸ್ಕೂಲಿನ ಏರಿಯಾದಲ್ಲೇ ಇಲ್ಲ ಅಂತ ಗೊತ್ತಾಯ್ತು, ಪಾಪ.

ಗಡಿ ಬದಲಾದ್ರೆ ಬಸ್ಸಿನ ಲೆಕ್ಕಾನೂ ಬದಲಾಗುತ್ತೆ. ಹೈಸ್ಕೂಲ್ ಮಕ್ಕಳಿಗೆ ಬಸ್ಸು-ರೈಲಿಗೆ ಫ್ರೀ ಒಪಲ್ ಕಾರ್ಡ್ ಸಿಗ್ಬೇಕು ಅಂದ್ರೆ ಮನೆಯಿಂದ ಸ್ಕೂಲಿಗೆ ನೇರ ಗೆರೆ ಎಳೆದ್ರೆ 2 ಕಿಲೋಮೀಟರ್‌ಗಿಂತ ಜಾಸ್ತಿ ಇರ್ಬೇಕು, ಇಲ್ಲಾ ನಡ್ಕೊಂಡು ಹೋಗೋ ದಾರಿ 2.9 ಕಿಲೋಮೀಟರ್ ಆದ್ರೂ ಆಗ್ಬೇಕು. ನಮ್ಮನೆಯಿಂದ ಈಗಿನ ಗರ್ಲ್ಸ್ ಸ್ಕೂಲಿಗೆ ಆ ಕಾರ್ಡ್ ಸ್ವಲ್ಪದ್ರಲ್ಲಿ ಸಿಗುತ್ತೆ, ಕೋ-ಎಡ್ ಮಾಡೋಕೆ ಆರಿಸಿರೋ ಕ್ಯಾಂಪಸ್ಸಿಗೆ ಸ್ವಲ್ಪದ್ರಲ್ಲಿ ತಪ್ಪುತ್ತೆ. ಅಂದ್ರೆ ಮಗ ನಡೀಬೇಕು ಇಲ್ಲಾ ದುಡ್ಡು ಕೊಡ್ಬೇಕು, ಮಳೇಲಿ ಯಾವ್ದು ಅಂತ ನಿಮಗೆ ಗೊತ್ತು. ಇಂಥ ಚಿಕ್ಕ ವಿಷ್ಯಾನೇ ಬರೀಬೇಕು. ಮನೆಯಿಂದ ಸ್ಕೂಲ್‌ವರೆಗೆ ಒಂದು ಸಲ ಬೆಳಗ್ಗೆ ಎಂಟು ಗಂಟೆಗೆ ನೀವೇ ನಡೆದು ನೋಡಿ, ಯಾವ ಕ್ರಾಸಿಂಗಲ್ಲಿ ಸಿಗ್ನಲ್ ಇಲ್ಲ, ಯಾವ ಬಸ್ಸು ತುಂಬಿ ನಿಲ್ಲಿಸ್ದೇ ಹೋಗುತ್ತೆ ಅಂತ ಬರ್ಕೊಳ್ಳಿ. ಮ್ಯಾಪ್ ನೋಡ್ಕೊಂಡು ಆಫೀಸಲ್ಲಿ ಕೂತಿರೋರಿಗೆ ಅದು ಗೊತ್ತಿರಲ್ಲ.

ಮಕ್ಕಳನ್ನ ಕೇಳಿ, ಆದ್ರೆ ಡೈನಿಂಗ್ ಟೇಬಲ್ಲಲ್ಲಿ ಅಲ್ಲ

ನಮ್ಮನೇಲಿ ಇಯರ್ 9 ಓದೋ ಮಗಳಿದ್ದಾಳೆ, ಇಯರ್ 5 ಓದೋ ಮಗ ಇದ್ದಾನೆ. ಮಗಳನ್ನ ಊಟಕ್ಕೆ ಕೂತಾಗ "ಏನಮ್ಮಾ, ಹುಡುಗರು ಬಂದ್ರೆ ಪರ್ವಾಗಿಲ್ವಾ" ಅಂತ ಅವಳಪ್ಪ ಕೇಳಿದ್ರು. ಅವಳು ತಟ್ಟೆ ನೋಡ್ಕೊಂಡು "ಐ ಡೋಂಟ್ ಕೇರ್" ಅಂದ್ಲು. ಮುಗೀತು. ಎರಡು ದಿನ ಆದ್ಮೇಲೆ ಕಾರಲ್ಲಿ, ನೆಟ್‌ಬಾಲ್ ಪ್ರಾಕ್ಟೀಸಿಂದ ಬರ್ತಾ, ಇಬ್ರೂ ರಸ್ತೆ ಕಡೆ ನೋಡ್ತಾ ಇದ್ದಾಗ ತಾನಾಗೇ ಶುರು ಮಾಡಿದ್ಲು. ಹುಡುಗರು ಬಂದ್ರೆ ಪ್ರಾಬ್ಲಮ್ ಇಲ್ವಂತೆ, ಆದ್ರೆ ಈಗ ಲಂಚಲ್ಲಿ ಕೋರ್ಟು, ಓವಲ್ಲು ಎಲ್ಲಾ ತಮ್ಮದಂತೆ, ಪ್ರೈಮರಿಲಿದ್ದಾಗ ಬಾಲ್ ಸಿಗೋದೇ ಕಷ್ಟ ಆಗಿತ್ತಂತೆ, ಅದು ಮತ್ತೆ ಹಾಗಾಗುತ್ತೆ ಅಂತ ಬೇಜಾರು. ಇನ್ನೊಂದು, ಟಾಯ್ಲೆಟ್. ಈಗಲೇ ರಿಸೆಸ್ಸಲ್ಲಿ ಕ್ಯೂ ಇರುತ್ತೆ, ಒಂದು ಬ್ಲಾಕನ್ನ ಹುಡುಗರಿಗೆ ಕೊಟ್ರೆ ನಮಗೆ ಎಷ್ಟು ಉಳಿಯುತ್ತೆ, ಅಂದ್ಲು.

ನೋಡಿ, ನೂರಾ ನಲವತ್ತು ಮೆಸೇಜಲ್ಲಿ ಒಬ್ರಿಗೂ ಟಾಯ್ಲೆಟ್ ನೆನಪಾಗಿರ್ಲಿಲ್ಲ.

ಮಕ್ಕಳಿಗೆ ಅಂತಾನೇ ಬೇರೆ ಸರ್ವೇ, ಫೋಕಸ್ ಗ್ರೂಪ್ ಇಡ್ತಾರೆ ಸಾಮಾನ್ಯವಾಗಿ. ಅದಕ್ಕೆ ನಿಮ್ಮ ಮಗು ಹೋಗ್ಲಿ, ಹೋಗೋ ಮುಂಚೆ ಏನ್ ಹೇಳ್ಬೇಕು ಅಂತ ಪಾಠ ಮಾಡ್ಬೇಡಿ. ನಿಮ್ಮ ಅಭಿಪ್ರಾಯ ಬರೆಯೋಕೆ ನಿಮಗೆ ಫಾರ್ಮ್ ಇದೆಯಲ್ಲಾ.

ಮಾರ್ಕ್ಸ್ ವಿಷಯ, ಸ್ವಲ್ಪ ನಿಧಾನವಾಗಿ

ನಮ್ಮೋರಿಗೆ ಇಲ್ಲೇ ಕಾಲು ಸಿಕ್ಕಾಕ್ಕೊಳ್ಳೋದು. "ಟಾಪ್ ಸ್ಕೂಲ್ ಲಿಸ್ಟ್ ನೋಡಿ, ಅರ್ಧಕ್ಕರ್ಧ ಗರ್ಲ್ಸ್, ಬಾಯ್ಸ್ ಸ್ಕೂಲೇ" ಅಂತಾರೆ. ಹೌದು, ನಾರ್ತ್ ಸಿಡ್ನಿ ಬಾಯ್ಸ್ 2023ರಲ್ಲಿ ಎಚ್‌ಎಸ್‌ಸಿ ಪಟ್ಟೀಲಿ ಮೊದಲು ಬಂತು. ಆದ್ರೆ ಅದಕ್ಕೂ ಹಿಂದಿನ 27 ವರ್ಷ ಸತತವಾಗಿ ಆ ಜಾಗದಲ್ಲಿ ಕೂತಿದ್ದು ಜೇಮ್ಸ್ ರೂಸ್, ಅದು ಕೋ-ಎಡ್ಡು. ಎರಡಕ್ಕೂ ಸಾಮಾನ್ಯ ಇರೋದು ಎಂಟ್ರೆನ್ಸ್ ಟೆಸ್ಟು, ಇಯರ್ 4ರಿಂದ ಶನಿವಾರ ಭಾನುವಾರ ಕೋಚಿಂಗಿಗೆ ಕಳ್ಸಿ ನಾವೇ ಸೋಸಿ ಕೊಟ್ಟ ಮಕ್ಕಳು. ಸೆಲೆಕ್ಟಿವ್ ಸ್ಕೂಲಿನ ರ‍್ಯಾಂಕ್ ತೋರ್ಸಿ ಲೋಕಲ್ ಗರ್ಲ್ಸ್ ಸ್ಕೂಲಿನ ಬಗ್ಗೆ ವಾದ ಮಾಡಿದ್ರೆ ಮೀಟಿಂಗಲ್ಲಿ ಇರೋ ಟೀಚರ್‌ಗಳು ಮನಸ್ಸಲ್ಲೇ ನಗ್ತಾರೆ.

ಮೈ ಸ್ಕೂಲ್ ವೆಬ್‌ಸೈಟಲ್ಲಿ ಎರಡು ಸ್ಕೂಲ್ ಹೋಲಿಸ್ಬೇಕಾದ್ರೆ ನಪ್ಲಾನ್ (ದೇಶದ ಎಲ್ಲಾ ಸ್ಕೂಲಲ್ಲೂ ನಡೆಯೋ ಒಂದೇ ಟೆಸ್ಟು) ಅಂಕಿ ಮಾತ್ರ ನೋಡ್ಬೇಡಿ, ಐಸಿಎಸ್‌ಇಎ ಅಂತ ಒಂದು ನಂಬರ್ ಇರುತ್ತೆ, ಮನೆಯವರ ಓದು, ಕೆಲಸ ಇಂಥದ್ದನ್ನೆಲ್ಲಾ ಸೇರಿಸಿ ಮಾಡಿರೋದು, ಸರಾಸರಿ 1000. ಒಂದು ಸ್ಕೂಲ್ 1100, ಇನ್ನೊಂದು 960 ಇದ್ರೆ ಮಾರ್ಕ್ಸ್ ವ್ಯತ್ಯಾಸಕ್ಕೆ ಹುಡುಗ-ಹುಡುಗಿ ಕಾರಣ ಅನ್ನೋಕಾಗಲ್ಲ, ಮನೆ ವ್ಯತ್ಯಾಸಾನೇ ಅದ್ರಲ್ಲಿ ಬಹಳಷ್ಟು.

ಸಂಶೋಧನೆ ಏನ್ ಹೇಳುತ್ತೆ ಅಂತ ಕೇಳಿದ್ರೆ, ಎರಡೂ ಕಡೆಯವರು ತಮಗೆ ಬೇಕಾದ ಪೇಪರ್ ಹಿಡ್ಕೊಂಡ್ ಬರ್ತಾರೆ, ಹಾಗಾಗಿ ಮೂರು ಗೊತ್ತಿದ್ರೆ ಸಾಕು. 2014ರಲ್ಲಿ ಪಾಲ್ಕೆ, ಹೈಡ್, ಆಲಿಸನ್ ಅನ್ನೋರು 21 ದೇಶದ 184 ಅಧ್ಯಯನ ಒಟ್ಟು ಹಾಕಿ ನೋಡಿದ್ರು, 16 ಲಕ್ಷ ಮಕ್ಕಳ ಲೆಕ್ಕ, ಮನೆ ಹಿನ್ನೆಲೆ ಎಲ್ಲಾ ಸರಿದೂಗಿಸಿದ ಮೇಲೆ ಉಳಿದ ವ್ಯತ್ಯಾಸ ಇಲ್ಲ ಅನ್ನೋಷ್ಟು ಕಮ್ಮಿ. ಇಲ್ಲಿನದೇ ಬೇಕು ಅಂದ್ರೆ 2017ರಲ್ಲಿ ಎಸಿಇಆರ್ ಅನ್ನೋ ಆಸ್ಟ್ರೇಲಿಯಾದ ಶಿಕ್ಷಣ ಸಂಶೋಧನಾ ಸಂಸ್ಥೆಯ ಕ್ಯಾಥರೀನ್ ಡಿಕ್ಸ್ ನಪ್ಲಾನ್ ಅಂಕಿ ತಗೊಂಡು ನೋಡಿದ್ರು, ಸಿಂಗಲ್-ಸೆಕ್ಸ್ ಸ್ಕೂಲಿನ ಮಕ್ಕಳ ಮಾರ್ಕ್ಸ್ ಮೇಲಿತ್ತು, ಆದ್ರೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗೋ ವೇಗದಲ್ಲಿ ಲಾಭ ಕಾಣಿಸ್ಲಿಲ್ಲ. ಇದಕ್ಕೆ ಉಲ್ಟಾ ದಕ್ಷಿಣ ಕೊರಿಯಾದ ಸೋಲ್ ನಗರದ್ದು: ಅಲ್ಲಿ ಮಕ್ಕಳನ್ನ ಹೈಸ್ಕೂಲಿಗೆ ಲಾಟರಿ ಎತ್ತಿ ಹಂಚ್ತಿದ್ರು, ಹಾಗಾಗಿ ಶ್ರೀಮಂತರೆಲ್ಲಾ ಒಂದೇ ಕಡೆ ಸೇರೋ ಗೋಳಿಲ್ಲ, ಅಲ್ಲಿ 2013ರಲ್ಲಿ ಬಂದ ಅಧ್ಯಯನದಲ್ಲಿ ಸಿಂಗಲ್-ಸೆಕ್ಸ್ ಸ್ಕೂಲಿನವರೇ ಕಾಲೇಜ್ ಎಂಟ್ರೆನ್ಸಲ್ಲಿ ಮುಂದಿದ್ರು. ಹಾಗಾಗಿ "ರಿಸರ್ಚ್ ಪ್ರೂವ್ ಮಾಡಿದೆ" ಅಂತ ಯಾರಾದ್ರೂ ಶುರು ಮಾಡಿದ್ರೆ ಯಾವ ರಿಸರ್ಚು ಅಂತ ಕೇಳಿ, ಪಾಪ ಸುಮ್ನಾಗ್ತಾರೆ.

ನನ್ನ ಅಭಿಪ್ರಾಯ ಕೇಳಿದ್ರೆ, ಮಾರ್ಕ್ಸ್ ವಾದ ಬಿಟ್ಟೇಬಿಡಿ, ಅದ್ರಲ್ಲಿ ನಿಮಗೆ ತೂಕ ಇಲ್ಲ. ನಿಮಗೆ ತೂಕ ಇರೋದು ನಿಮ್ಮನೇಲಿ ನಡೆಯೋ ವಿಷಯದಲ್ಲಿ. ನಾನು ಊರಲ್ಲಿ ಹೆಣ್ಮಕ್ಕಳ ಸರ್ಕಾರಿ ಹೈಸ್ಕೂಲಲ್ಲಿ ಓದಿದವಳು. ಲ್ಯಾಬಲ್ಲಿ ಬ್ಯಾಟರಿ, ವೈರು ಎಲ್ಲಾ ಜೋಡಿಸ್ತಿದ್ದಿದ್ದು ನಾವೇ, ಕಿತ್ಕೊಳ್ಳೋಕೆ ಹುಡುಗರಿಲ್ಲ. ಆಮೇಲೆ ಪಿಯುಸಿಗೆ ಕೋ-ಎಡ್ ಕಾಲೇಜಿಗೆ ಹೋದೆ, ಉತ್ತರ ಗೊತ್ತಿದ್ರೂ ಆರು ತಿಂಗಳು ಕೈ ಎತ್ತಲಿಲ್ಲ. ಈ ಎರಡೂ ನಿಜ, ಇದ್ರಲ್ಲಿ ಯಾವ್ದನ್ನ ಮುಂದಿಟ್ಕೊಂಡು ವಾದ ಮಾಡ್ಲಿ ಅಂತ ನನಗೇ ಇವತ್ತಿಗೂ ಗೊತ್ತಿಲ್ಲ. ಮಗನ ವಿಷಯಕ್ಕೆ ಬಂದ್ರೆ ಕೋ-ಎಡ್ ಕಡೆ ವಾಲ್ತೀನಿ, ಅದನ್ನ ಮುಚ್ಚಿಡಲ್ಲ.

ಮೀಟಿಂಗಿಗೆ ಹೋದಾಗ

ಇಲ್ಲಿನ ಡ್ರಾಪ್-ಇನ್ ಸೆಶನ್ ಅಂದ್ರೆ ನಮ್ಮ ಗ್ರಾಮಸಭೆ ತರ ಮೈಕ್ ಹಿಡ್ಕೊಂಡು ಭಾಷಣ ಅಲ್ಲ. ಸ್ಕೂಲ್ ಲೈಬ್ರರಿಲಿ ನಾಲ್ಕು ಟೇಬಲ್, ಗೋಡೆ ಮೇಲೆ ದೊಡ್ಡ ಹಾಳೆ, ಕೈಗೆ ಬಣ್ಣದ ಸ್ಟಿಕರ್, ನಿಮಗೆ ಮುಖ್ಯ ಅನ್ಸಿದ್ದಕ್ಕೆ ಅಂಟಿಸಿ ಅಂತಾರೆ. ಒಂದು ತಟ್ಟೇಲಿ ಲ್ಯಾಮಿಂಗ್ಟನ್ ಕೇಕು. ನಮ್ಮೋರು ಬಂದು ಸ್ಟಿಕರ್ ಅಂಟಿಸಿ, ಕೇಕ್ ತಿಂದು, ಕಾರ್ ಪಾರ್ಕಲ್ಲಿ ಒಂದು ಗಂಟೆ ನಿಂತು ನಿಜವಾದ ಅಭಿಪ್ರಾಯ ಪರಸ್ಪರ ಹೇಳ್ಕೊಂಡು ಹೋಗ್ತಾರೆ. ಕಾರ್ ಪಾರ್ಕಲ್ಲಿ ಹೇಳಿದ್ದು ಯಾವ ರಿಪೋರ್ಟಲ್ಲೂ ಬರಲ್ಲ ರೀ.

ಸ್ಟಿಕರ್ ಒಂದೇ ಸಾಲದು. ಪ್ರತಿ ಟೇಬಲ್ಲಲ್ಲೂ ನೋಟ್ಸ್ ಮಾಡ್ಕೊಳ್ಳೋರು ಒಬ್ರು ಇರ್ತಾರೆ, ಅವರ ಹತ್ರ ಹೋಗಿ ನಿಮ್ಮ ಮಾತು ಹೇಳಿ, ಹೇಳಿದ್ಮೇಲೆ "ನೀವೇನ್ ಬರ್ಕೊಂಡ್ರಿ, ಒಂದ್ಸಲ ಓದ್ತೀರಾ" ಅಂತ ಕೇಳಿ. ಮುಜುಗರ ಬೇಡ. ನಾನು ಕೇಳ್ದೆ, ನಾನು ಹೇಳಿದ್ದು "ಹುಡುಗೀರ ಟಾಯ್ಲೆಟ್ ಸಂಖ್ಯೆ ಕಮ್ಮಿ ಆಗ್ಬಾರ್ದು, ಎಷ್ಟು ಉಳಿಯುತ್ತೆ ಅಂತ ಪ್ಲಾನಲ್ಲಿ ತೋರ್ಸಿ" ಅಂತ, ಅವ್ರು ಬರ್ಕೊಂಡಿದ್ದು "ಪೇರೆಂಟ್ ಕನ್ಸರ್ನ್ಡ್ ಅಬೌಟ್ ಫೆಸಿಲಿಟೀಸ್". ಎಷ್ಟು ಸಪ್ಪೆ ನೋಡಿ. ತಿದ್ದಿಸ್ದೆ.

ಇಂಗ್ಲಿಷ್ ಕಷ್ಟ ಅನ್ನೋರು, ಮುಖ್ಯವಾಗಿ ಮಕ್ಕಳನ್ನ ನೋಡ್ಕೊಳ್ಳೋಕೆ ಊರಿಂದ ಬಂದಿರೋ ಅಜ್ಜಿ-ತಾತ, ಅವರೇ ತಾನೇ ದಿನಾ ಸ್ಕೂಲಿಗೆ ಕರ್ಕೊಂಡು ಹೋಗಿ ಬರೋರು, ಅವರ ಮಾತೂ ಬೇಕು. ಟೆಲಿಫೋನ್ ಇಂಟರ್‌ಪ್ರಿಟರ್ ಸೇವೆ ಟಿಐಎಸ್, 131 450ಕ್ಕೆ ಫೋನ್ ಮಾಡಿ ಕನ್ನಡ ಬೇಕು ಅನ್ನಿ, ಇಲ್ಲಾ ಮೀಟಿಂಗಿಗೆ ಕೆಲವು ದಿನ ಮುಂಚೆ ಸ್ಕೂಲ್ ಆಫೀಸಿಗೆ ಹೇಳಿ ಇಂಟರ್‌ಪ್ರಿಟರ್ ಇಡ್ಸಿ ಅನ್ನಿ. ಮಗನೋ ಮಗಳೋ ಟ್ರಾನ್ಸ್‌ಲೇಟ್ ಮಾಡೋದು ಬೇಡ, ಅಜ್ಜಿ ಹೇಳಿದ್ದು ಒಂದು, ಮೊಮ್ಮಗಳು ಹೇಳೋದು ಇನ್ನೊಂದು ಆಗುತ್ತೆ, ನಮ್ಮನೇಲೇ ನೋಡಿದೀನಿ.

ಬರೆಯೋದು ಹೇಗೆ

ಗ್ರೂಪಲ್ಲಿ ಒಬ್ರು ಒಂದು ಪ್ಯಾರಾ ಬರ್ದು "ಎಲ್ಲರೂ ಇದನ್ನೇ ಕಾಪಿ ಪೇಸ್ಟ್ ಮಾಡಿ ಕಳ್ಸಿ, ಫಾರ್ವರ್ಡ್ ಮಾಡಿ" ಅಂತ ಹಾಕಿದ್ರು. ದಯವಿಟ್ಟು ಇದನ್ನ ಮಾಡ್ಬೇಡಿ. ಐವತ್ತು ಜನ ಒಂದೇ ಪ್ಯಾರಾ ಕಳ್ಸಿದ್ರೆ ಓದೋರು ಅದನ್ನ ಒಂದೇ ಕಟ್ಟು ಮಾಡಿ ಪಕ್ಕಕ್ಕಿಡ್ತಾರೆ. ಐವತ್ತು ಜನ ಐವತ್ತು ತರ ಎರಡೆರಡು ಸಾಲು ಬರೆದ್ರೂ ಅದಕ್ಕಿಂತ ವಾಸಿ.

ಆ ಪ್ಯಾರಾ ಹೆಚ್ಚುಕಮ್ಮಿ ಹೀಗಿತ್ತು: "ನಾವು ಭಾರತೀಯ ಸಂಸ್ಕೃತಿಯವರು, ಹೆಣ್ಣುಮಕ್ಕಳ ಸುರಕ್ಷತೆಗೆ ಗರ್ಲ್ಸ್ ಸ್ಕೂಲೇ ಉತ್ತಮ, ದಯವಿಟ್ಟು ಬದಲಾಯಿಸಬೇಡಿ." ಇದನ್ನ ಓದಿದವರಿಗೆ ಏನ್ ಮಾಡ್ಬೇಕು ಅಂತ ಗೊತ್ತಾಗುತ್ತಾ? ಸುರಕ್ಷತೆ ಅಂದ್ರೆ ಯಾವ್ದು, ಗೇಟಲ್ಲಾ, ಬಸ್ಸಲ್ಲಾ, ಕಾರಿಡಾರಲ್ಲಾ? ಇದರ ಜಾಗದಲ್ಲಿ ನನ್ನ ಪಕ್ಕದ ರಸ್ತೆ ಗೆಳತಿ, ಅವಳೂ ಗರ್ಲ್ಸ್ ಸ್ಕೂಲೇ ಇರ್ಲಿ ಅನ್ನೋಳೇ, ಬರ್ದಿದ್ದು ನೋಡಿ: "ನನ್ನ ಮಗಳು ಪ್ರೈಮರಿಲಿ ಎರಡು ವರ್ಷ ಹುಡುಗರ ಗುಂಪಿಂದ ಕಾಟ ತಿಂದಳು, ಗರ್ಲ್ಸ್ ಹೈಸ್ಕೂಲಿಗೆ ಬಂದ್ಮೇಲೆ ಡಿಬೇಟ್ ಟೀಮಿಗೆ ಸೇರಿದಳು. ಈ ಏರಿಯಾದ ಗರ್ಲ್ಸ್ ಸ್ಕೂಲ್ ಇಲ್ದಂಗಾದ್ರೆ ಬೇರೆ ಸರ್ಕಾರಿ ಗರ್ಲ್ಸ್ ಸ್ಕೂಲಿಗೆ ಎರಡು ಬಸ್ಸು ಬದಲಾಯಿಸ್ಬೇಕು. ಕೋ-ಎಡ್ ಬೇಕಾದವರಿಗೆ ಕೊಡಿ, ಆದ್ರೆ ನಮಗೆ ಒಂದೇ ಬಸ್ಸಲ್ಲಿ ತಲುಪೋ ಗರ್ಲ್ಸ್ ಸ್ಕೂಲಲ್ಲಿ ಸೀಟು ಖಾತ್ರಿ ಇರುತ್ತಾ, ತಂಗಿಗೂ ಇರುತ್ತಾ, ಬರವಣಿಗೇಲಿ ಹೇಳಿ." ನಾನು ಅವಳ ಅಭಿಪ್ರಾಯ ಒಪ್ಪಲ್ಲ, ಆದ್ರೆ ಇದಕ್ಕೆ ಉತ್ತರ ಕೊಡ್ದೆ ತಪ್ಪಿಸ್ಕೊಳ್ಳೋಕಾಗಲ್ಲ.

ಬರೆಯೋಕೆ ಏನೂ ಹೊಳೀತಿಲ್ಲ ಅಂದ್ರೆ ಈ ಕಡೆ ಯೋಚಿಸಿ. ಬದಲಾವಣೆ ಒಂದೇ ಸಲ ಎಲ್ಲಾ ಕ್ಲಾಸಿಗಾ, ಇಲ್ಲಾ ಇಯರ್ 7ರಿಂದ ವರ್ಷಕ್ಕೊಂದು ಕ್ಲಾಸಾ? ವರ್ಷಕ್ಕೊಂದು ಅಂದ್ರೆ ಪೂರ್ತಿ ಕೋ-ಎಡ್ ಆಗೋಕೆ ಆರು ವರ್ಷ, ಮೊದಲನೇ ಬ್ಯಾಚಲ್ಲಿ ಸೇರೋ ಹುಡುಗರು ಆ ಆರು ವರ್ಷಾನೂ ಸ್ಕೂಲಿನ ಹಿರಿ ಬ್ಯಾಚೇ, ಅವರಿಗೆ ದೊಡ್ಡ ಹುಡುಗರ ಫುಟ್‌ಬಾಲ್ ಟೀಮೂ ಇಲ್ಲ, ಅಣ್ಣಂದಿರೂ ಇಲ್ಲ. ಸಬ್ಜೆಕ್ಟ್ ಕೇಳಿ, ಇದು ಬಹಳ ಮುಖ್ಯ, ಚಿಕ್ಕ ಸ್ಕೂಲಲ್ಲಿ ಫಿಸಿಕ್ಸಿಗೋ ಮ್ಯಾಥ್ಸ್ ಎಕ್ಸ್‌ಟೆನ್ಶನ್ 2ಕ್ಕೋ ಐದಾರು ಮಕ್ಕಳು ಸೇರಿದ್ರೆ ಆ ಕ್ಲಾಸ್ ನಡ್ಸೋದೇ ಕಷ್ಟ, ಎರಡು ಸ್ಕೂಲು ಒಂದಾದ್ರೆ ಅದೇ ಕ್ಲಾಸ್ ತುಂಬುತ್ತೆ, ನನ್ನನ್ನ ಕೋ-ಎಡ್ ಕಡೆ ವಾಲಿಸಿದ್ದು ನಿಜವಾಗ್ಲೂ ಇದೇ ಕಾರಣ. ಗರ್ಲ್ಸ್ ಸ್ಕೂಲ್ ಇದ್ದಂಗೇ ಉಳ್ಸಿ ಪಕ್ಕದ ಬಾಯ್ಸ್ ಸ್ಕೂಲನ್ನ ಮಾತ್ರ ಕೋ-ಎಡ್ ಮಾಡ್ತೀವಿ ಅಂದ್ರೆ ಅಲ್ಲಿ ಹುಡುಗೀರು ಎಷ್ಟು ಜನ ಬರ್ತಾರೆ ಅಂತ ಕೇಳಿ, ಹೆಸರಿಗೆ ಕೋ-ಎಡ್ ಆಗಿ ಒಂದು ಕ್ಲಾಸಲ್ಲಿ ಇಪ್ಪತ್ತೈದು ಹುಡುಗರು ಐದು ಹುಡುಗೀರು ಆದ್ರೆ ಆ ಐದು ಜನದ ಪಾಡೇನು. ಟೀಚರ್ಸು, ಯೂನಿಫಾರ್ಮ್ ಖರ್ಚು ಯಾರದ್ದು, ಪಿಇ ಬಟ್ಟೆ ಬದಲಾಯಿಸೋ ರೂಮು, ಸ್ಕೂಲ್ ಹೆಸರು, ಗೋಡೆ ಮೇಲಿರೋ ಚಿನ್ನದ ಅಕ್ಷರದ ಹಳೇ ಬೋರ್ಡುಗಳು. ಕೊನೇದು ನಮಗೆ ಮುಖ್ಯ ಅನ್ಸಲ್ಲ, ಆದ್ರೆ ಅಲ್ಲಿ ಓದಿದ ಎಪ್ಪತ್ತು ವರ್ಷದ ಒಬ್ರು ಅಜ್ಜಿ ಮೀಟಿಂಗಲ್ಲಿ ಆ ಬೋರ್ಡ್ ಕೆಳಗೆ ನಿಂತು ತನ್ನ ಹೆಸರು ತೋರ್ಸಿದ್ರು, ನನಗೆ ಒಂದು ಕ್ಷಣ ಮಾತು ಬರ್ಲಿಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಬೇರೆ ಸಮುದಾಯದವರ ಮೇಲೆ ಹಾಕಿ ಬರೀಬೇಡಿ. ಧರ್ಮದ ಕಾರಣಕ್ಕೆ ಗರ್ಲ್ಸ್ ಸ್ಕೂಲ್ ಬೇಕು ಅನ್ನೋ ಮನೆಗಳು ಇಲ್ಲಿ ತುಂಬಾ ಇವೆ, ಆ ಆಯ್ಕೆ ಹೋದ್ರೆ ಅವರಲ್ಲಿ ಕೆಲವರು ದುಡ್ಡು ಸುರ್ದು ಪ್ರೈವೇಟಿಗೆ ಹೋಗ್ಬೇಕಾಗುತ್ತೆ. ಅವರ ಜೊತೆ ಕೂತು ಮಾತಾಡಿ. ನಮ್ಮ ಪಿ ಆಂಡ್ ಸಿ (ಸ್ಕೂಲಿನ ಪೇರೆಂಟ್ಸ್ ಆಂಡ್ ಸಿಟಿಜನ್ಸ್ ಸಂಘ) ಮೀಟಿಂಗಲ್ಲಿ ಗರ್ಲ್ಸ್ ಬೇಕು ಅನ್ನೋರು, ಕೋ-ಎಡ್ ಬೇಕು ಅನ್ನೋರು ಎರಡೂ ಕಡೆಯವರು ಒಪ್ಪಿದ್ದು ಒಂದು ವಿಷಯ ಇತ್ತು, ಏನೇ ಆದ್ರೂ ಈಗಿರೋ ಮಕ್ಕಳನ್ನ ಮಧ್ಯದಲ್ಲಿ ಕ್ಯಾಂಪಸ್ ಬದಲಾಯಿಸ್ಬಾರ್ದು ಅಂತ. ಅದನ್ನ ಪಿ ಆಂಡ್ ಸಿ ಹೆಸರಲ್ಲಿ ಒಂದೇ ಪೇಜ್ ಪತ್ರ ಮಾಡಿ ಕಳ್ಸಿದ್ವಿ. ಲೋಕಲ್ ಎಂಪಿಗೂ ಒಂದು ಕಾಪಿ. ಪಿ ಆಂಡ್ ಸಿಗೆ ಸೇರೋಕೆ ಚಂದಾ ಅತಿ ಕಡಿಮೆ, ಸೇರಿ, ವೋಟ್ ಹಾಕೋಕೆ ಮೆಂಬರ್ ಆಗಿರ್ಬೇಕು, ಸುಮ್ನೆ ಹಿಂದೆ ಕೂತ್ರೆ ಲೆಕ್ಕಕ್ಕಿಲ್ಲ. ನಿಮ್ಮ ಮಗು ಇನ್ನೂ ಪ್ರೈಮರಿಲಿ ಇದ್ರೆ ಅಲ್ಲಿನ ಪಿ ಆಂಡ್ ಸಿಲೂ ಈ ವಿಷಯ ಎತ್ತಿ, ನಿಜವಾಗಿ ಆ ಹೊಸ ಸ್ಕೂಲಿಗೆ ಹೋಗೋದು ಆ ಮಕ್ಕಳೇ, ಈಗ ಇಯರ್ 11ರಲ್ಲಿ ಇರೋರಲ್ಲ, ಆದ್ರೆ ಮೀಟಿಂಗ್ ತುಂಬಾ ಇಯರ್ 11ರ ಅಪ್ಪ-ಅಮ್ಮಂದಿರೇ.

ಕಳ್ಸೋ ಮುಂಚೆ ಸರ್ವೇಲಿ ಬರ್ದಿದ್ದನ್ನ ಸ್ಕ್ರೀನ್‌ಶಾಟ್ ತೆಗ್ದಿಡಿ. ಸಬ್ಮಿಟ್ ಒತ್ತಿದ್ಮೇಲೆ ಥ್ಯಾಂಕ್ಯೂ ಅಂತ ಒಂದು ಪೇಜ್ ಬರುತ್ತೆ, ನೀವ್ ಬರ್ದಿದ್ದು ಹೋಯ್ತು ಅಂತಾನೇ ಲೆಕ್ಕ.

ಆಮೇಲೆ

ತಿಂಗಳುಗಟ್ಲೆ ಸುದ್ದಿ ಇರಲ್ಲ. ಆಮೇಲೊಂದಿನ ರಿಪೋರ್ಟ್ ಬರುತ್ತೆ, ಇಷ್ಟು ಪರ್ಸೆಂಟ್ ಈ ಕಡೆ, ಇಷ್ಟು ಆ ಕಡೆ ಅಂತ. ಪರ್ಸೆಂಟ್ ನೋಡಿದ ತಕ್ಷಣ ಒಟ್ಟು ಎಷ್ಟು ಜನ ಉತ್ತರ ಕೊಟ್ರು, ಅವ್ರಲ್ಲಿ ಈಗಿನ ಪೇರೆಂಟ್ಸ್ ಎಷ್ಟು, ಮುಂದೆ ಬರೋ ಪೇರೆಂಟ್ಸ್ ಎಷ್ಟು, ಸ್ಕೂಲಿಗೆ ಸಂಬಂಧಾನೇ ಇಲ್ದಿರೋರು ಎಷ್ಟು ಅಂತ ನೋಡಿ. ನಮ್ಮ ಕಡೆ ಮಕ್ಕಳ ಉತ್ತರ ಒಂದು ದಿಕ್ಕು, ದೊಡ್ಡೋರದ್ದು ಇನ್ನೊಂದು ದಿಕ್ಕು ಇತ್ತು, ಎರಡನ್ನೂ ಒಟ್ಟಿಗೆ ಹಾಕಿದ್ರೆ ಅದು ಕಾಣ್ತಾನೇ ಇರ್ಲಿಲ್ಲ. ಪೂರ್ತಿ ರಿಪೋರ್ಟ್ ಹಾಕ್ದೇ ಬರೀ ಎರಡು ಪೇಜ್ ಸಾರಾಂಶ ಹಾಕಿದ್ರೆ ಮೊದಲು ಮೇಲ್ ಮಾಡಿ ಕೇಳಿ, ಸಾಮಾನ್ಯವಾಗಿ ಕೊಡ್ತಾರೆ. ಕೊಡ್ಲಿಲ್ಲ ಅಂದ್ರೆ ನಮ್ಮೂರಿನ ಆರ್‌ಟಿಐ ತರಾನೇ ಇಲ್ಲಿ ಜಿಪಾ ಅಂತ 2009ರ ಕಾಯ್ದೆ ಇದೆ, ಅರ್ಜಿ ಫೀಸು 30 ಡಾಲರ್, 20 ಕೆಲಸದ ದಿನದಲ್ಲಿ ತೀರ್ಮಾನ ಹೇಳ್ಬೇಕು. ಆರ್‌ಟಿಐಗೆ ಹತ್ತು ರೂಪಾಯಿ ಕೊಟ್ಟು ಅಭ್ಯಾಸ ಇರೋ ನಮಗೆ 30 ಡಾಲರ್ ಸ್ವಲ್ಪ ಉರಿಯುತ್ತೆ, ನಾಲ್ಕು ಮನೆಯವರು ಸೇರಿ ಹಂಚ್ಕೊಳ್ಳಿ.

ಇಯರ್ 6ರಲ್ಲಿ ಮಗು ಇರೋರಿಗೆ ಕೊನೇದಾಗಿ ಒಂದು. ಕನ್ಸಲ್ಟೇಶನ್ ನಡೀತಿದೆ, ರಿಸಲ್ಟ್ ಬರ್ಲಿ, ಆಮೇಲೆ ಹೈಸ್ಕೂಲ್ ಅರ್ಜಿ ಹಾಕೋಣ ಅಂತ ಕೂರ್ಬೇಡಿ. ಅರ್ಜಿ ಡೇಟು ಇದ್ಯಾವ್ದಕ್ಕೂ ಕಾಯಲ್ಲ. ಈಗ ನಿಮ್ಮ ಅಡ್ರೆಸ್‌ಗೆ ಯಾವ ಸ್ಕೂಲ್ ಬೀಳುತ್ತೋ ಅದಕ್ಕೆ ಹಾಕಿ, ಬೇರೆ ಕೋ-ಎಡ್ ಬೇಕು ಅಂದ್ರೆ ಏರಿಯಾ ಆಚೆಯ ಅರ್ಜೀನೂ ಜೊತೆಗೇ ಹಾಕಿ. ಅಡ್ರೆಸ್ ಪ್ರೂಫಿಗೆ 100 ಪಾಯಿಂಟ್ ಚೆಕ್ ಮಾಡ್ತಾರೆ, ಬಾಡಿಗೆ ಅಗ್ರಿಮೆಂಟು, ಕರೆಂಟ್ ಬಿಲ್ಲು ಇವೆಲ್ಲಾ ಒಂದೇ ಫೋಲ್ಡರಲ್ಲಿ ಇಟ್ಕೊಳ್ಳಿ. ನಮ್ಮನೇಲಿ ಕರೆಂಟ್ ಬಿಲ್ ಇನ್ನೂ ಹಳೇ ಮನೆ ಅಡ್ರೆಸ್ಸಿಗೇ ಹೋಗ್ತಿತ್ತು, ಅದನ್ನ ಸರಿ ಮಾಡ್ಸೋಕೇ ಮೂರು ವಾರ ಹಿಡೀತು.